ಅಂದ್ರೆ ಮೇಷ್ಟ್ರು ಅಳಿಸಿದ ಪಟ್ಟಿ

ಯಾರೇ ಏನೇ ಹೇಳಲಿ, ಕತ್ತನ್ನು ಎಡಕ್ಕೆ ವಾಲಿಸಿ 'ಅಂದ್ರೆ?' ಎಂದು ಕೇಳದೆ ಅವರು ಆ ಮಾತನ್ನು ಒಪ್ಪಿದ್ದನ್ನು ನಾನು ಕಂಡವನಲ್ಲ. 'ಹಸಿವಾಗ್ತಿದೆ ಸರ್' ಎಂದರೂ 'ಅಂದ್ರೆ?' ಎನ್ನುತ್ತಿದ್ದ ನಮ್ಮ ಕಾಲೇಜಿನ ಈ ತರ್ಕಶಾಸ್ತ್ರದ ಅಧ್ಯಾಪಕರಿಗೆ ವಿದ್ಯಾರ್ಥಿಗಳು 'ಅಂದ್ರೆ ಮೇಷ್ಟ್ರು' ಎಂದೇ ನಾಮಕರಣ ಮಾಡಿದ್ದರು. ಮೊಣಕೈ ಸವೆದ ಬೂದು ಕೋಟು, ಆನ್‌ಲೈನ್ ತರಗತಿಗೂ ಅದರ ಜೇಬಿನಲ್ಲೊಂದು ಸೀಮೆಸುಣ್ಣ, ಬಸ್ಸು ತಪ್ಪೀತೆಂಬಂಥ ನಡಿಗೆ. ಜೊತೆಗೆ, ಕೇರಂ ಮಣೆಯ ಮುಂದೆ ಕುಳಿತರೆ ಗೆಲ್ಲುವ ತನಕ ಏಳದ ಹಠ.

ಅಂಥವರನ್ನು ಕಂಗೆಡಿಸಿದ್ದು ಕ್ಯಾಮೆರಾ ಆರಿಸಿ ಕುಳಿತ ವಿದ್ಯಾರ್ಥಿಗಳ, ಪರದೆಯ ಮೇಲಿನ ನಲವತ್ತೆರಡು ಕಪ್ಪು ಚೌಕಗಳ ಮೌನ. ಚರ್ಚೆಗೆ ಕರೆದರೆ ಒಬ್ಬರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಕಡೆಗೆ ಅವರು ಚರ್ಚೆಯನ್ನೇ ಆಟವಾಗಿಸಿದರು: ಬರೆದ ಪ್ರತಿ ಉತ್ತರಕ್ಕೆ ಅಂಕ, ಹತ್ತು ಅಂಕಕ್ಕೊಂದು ಪದಕದ ಚಿತ್ರ, ವಾರದ ಕೊನೆಗೆ ಎಲ್ಲರ ಸ್ಥಾನ ಸಾರುವ ಪಟ್ಟಿ. ಮೌನದ ಕಟ್ಟೆಯೊಡೆದು ತಿಂಗಳೊಳಗೆ ಉತ್ತರಗಳು ಸಾವಿರ ದಾಟಿದವು. ಹಿಗ್ಗಿದ ಪ್ರಾಂಶುಪಾಲರು ಕಾಲೇಜಿನ ಗುಣಮಟ್ಟ ನೋಡಲು ಬರಲಿದ್ದ ಪರಿಶೀಲನಾ ಸಮಿತಿಯನ್ನು ಆ ತರಗತಿಗೇ ಆಹ್ವಾನಿಸಿದರು.

ಸಮಿತಿ ಬರುವ ಮುನ್ನಾದಿನ ಮೇಷ್ಟ್ರು ಕಂಪ್ಯೂಟರ್ ವಿಭಾಗದಲ್ಲಿದ್ದ ನನ್ನ ಮೇಜಿನ ಬಳಿ ಬಂದು ಫೋನಿನಲ್ಲಿದ್ದ ಒಂದು ಸಂದೇಶ ತೋರಿಸಿದರು. ವಾರಕ್ಕೆ ಒಂದೇ ಉತ್ತರವನ್ನು, ಆದರೆ ಆಳವಾಗಿ ಯೋಚಿಸಿ ಬರೆಯುತ್ತಿದ್ದ ಹುಡುಗಿ ಕಳಿಸಿದ್ದು ಅದು; ಪಟ್ಟಿಯಲ್ಲಿ ಅವಳು ಕಟ್ಟಕಡೆಯವಳು. 'ಎಲ್ರೂ ನನ್ನ ಕೊನೇ ಬೋಗಿ ಅಂತ ಕರೀತಾರೆ ಸರ್. ನಾನು ಕಾಲೇಜು ಬಿಡ್ತೀನಿ.' ಮೇಷ್ಟ್ರು ಫೋನು ಮಾಡಿದರೆ ಎತ್ತಿಕೊಂಡದ್ದು ಅವಳ ತಾಯಿ: 'ಅದೇನು ಆಟ ಆಡಿಸ್ತಿದೀರಿ ಮೇಷ್ಟ್ರೇ? ಮಗು ಎರಡು ದಿನದಿಂದ ಬಾಗಿಲು ಹಾಕ್ಕೊಂಡು ಕೂತಿದೆ.' ಆಗ ಮೇಷ್ಟ್ರು 'ಅಂದ್ರೆ?' ಎನ್ನದೆ, 'ನಾಳೆ ಒಂದು ದಿನ ತರಗತಿ ಕೇಳಿಸ್ಕೊಂಡ್ರೆ ಸಾಕು ಅಂತ ಅವಳಿಗೆ ಹೇಳಿ ತಾಯಿ' ಎಂದಷ್ಟೇ ಬೇಡಿಕೊಂಡರಂತೆ.

ಮರುದಿನ ಕಂಪ್ಯೂಟರ್ ನೋಡಿಕೊಳ್ಳಲು ನಾನೂ ಅಲ್ಲಿದ್ದೆ. 'ಪಟ್ಟಿ ತೋರಿಸಿ' ಎಂದರು ಪ್ರಾಂಶುಪಾಲರು. ಮೇಷ್ಟ್ರು ತೋರಿಸಿದರು, ಸಮಿತಿಯವರು ನೋಡನೋಡುತ್ತಿದ್ದಂತೆಯೇ ಅಳಿಸಿಬಿಟ್ಟರು. ಆಮೇಲೆ ವಿದ್ಯಾರ್ಥಿಗಳಿಗೆ ಹೇಳಿದರು:

'ನಾನು ನಿಮ್ಮ ಮಾತನ್ನ ಬರೀ ಎಣಿಸಿದೆ, ತಪ್ಪು ನಂದು. ಇವತ್ತಿಂದ ಅಂಕ ಇಡೀ ತರಗತೀದು. ನಿಮ್ಮ ಪ್ರಶ್ನೆ ಇನ್ನೊಬ್ಬರನ್ನ ಮಾತಾಡಿಸಿದ್ರೆ ಮಾತ್ರ ಸಿಗುತ್ತೆ.'

ಒಂದು ನಿಮಿಷ ಕಳೆಯಿತು, ಎರಡು. ಸಮಿತಿಯ ಅಧ್ಯಕ್ಷರು ಗಡಿಯಾರ ನೋಡಿಕೊಂಡರು. 'ಮಾನ ಹೋಗ್ತಿದೆ ಕಣ್ರೀ, ಏನಾದ್ರೂ ಮಾಡಿ' ಎಂದು ಪ್ರಾಂಶುಪಾಲರು ಹಲ್ಲು ಕಚ್ಚಿ ಪಿಸುಗುಟ್ಟಿದರು. ಕೋಟಿನ ಜೇಬಿನೊಳಗೆ ಸೀಮೆಸುಣ್ಣ ಪಟ್ಟನೆ ಮುರಿದದ್ದು ನನಗೆ ಕೇಳಿಸಿತು.

ಕೊನೆಗೆ ಒಂದು ಚೌಕದಿಂದ ದನಿ ಬಂತು. ಅವಳೇ.

'ಸರ್, ಜಾಸ್ತಿ ಮಾತಾಡೋರೇ ಜಾಸ್ತಿ ಯೋಚಿಸ್ತಾರೆ ಅಂತ ನಾವೆಲ್ಲ ಯಾಕೆ ಅಂದ್ಕೊಂಡ್ವಿ?'

ಮೊದಲು ಉತ್ತರಿಸಿದವನು ಪಟ್ಟಿಯ ಮೊದಲಿಗ: 'ನಾನು ಅರ್ಧಕ್ಕರ್ಧ ಓದದೇನೇ ಬರ್ದಿದೀನಿ ಸರ್.' ಬಳಿಕ ಒಬ್ಬರಾದ ಮೇಲೊಬ್ಬರಂತೆ ಒಂಬತ್ತು ಮಂದಿ ಬಾಯಿಬಿಟ್ಟರು.

ಸಮಿತಿ ಮಾತ್ರ ತನ್ನ ವರದಿಯಲ್ಲಿ 'ಭಾಗವಹಿಸುವಿಕೆ ತೃಪ್ತಿಕರವಾಗಿಲ್ಲ' ಎಂದು ಬರೆಯಿತು. ಮೇಷ್ಟ್ರ ಕೈಯಲ್ಲಿದ್ದ ಆನ್‌ಲೈನ್ ವಿಭಾಗದ ಹೊಣೆ ಬೇರೊಬ್ಬರ ಪಾಲಾಯಿತು. ಹುಡುಗಿ ಕಾಲೇಜು ಬಿಡಲಿಲ್ಲ.

ಎಡವಿ ಬಿದ್ದ ಮೇಲೆ ತಪ್ಪೊಪ್ಪುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಚಪ್ಪಾಳೆ ಮೊಳಗುತ್ತಿರುವಾಗಲೇ, ತಮ್ಮ ಕಾಲಡಿಯಲ್ಲಿ ಯಾರಾದರೂ ಸಿಕ್ಕಿ ನಲುಗುತ್ತಿದ್ದಾರೆಯೇ ಎಂದು ಬಗ್ಗಿ ನೋಡುವವರು ವಿರಳ. ಅಂಥವರ ಹೆಸರು ವರದಿಗಳಲ್ಲಿ ಸಿಗದು. ಅವರ ಕೈಯಲ್ಲಿ ಕಲಿತವರು ಇನ್ನೊಬ್ಬರ ಮಾತು ಮುಗಿಯಲೆಂದು ಒಂದು ಗಳಿಗೆ ಕಾಯುತ್ತಾರಲ್ಲ, ಅಲ್ಲಿ ಅವರು ಉಳಿದಿರುತ್ತಾರೆ.