ತಡಿ ಅಂದ ಮೂರು ಸುತ್ತು

ಹೆಲಿಕಾಪ್ಟರಿನ ಬಾಲದ ಚಿಕ್ಕ ರೆಕ್ಕೆ ನಿಂತದ್ದು ಕದಮ್‌ಶೋಗೆ ಮೊದಲು ಗೊತ್ತಾದದ್ದು ಕಿವಿಯಿಂದ. ಹದಿನೇಳು ವರ್ಷ ಹೆಲಿಕಾಪ್ಟರಿನಲ್ಲೇ ಕೂತು ಇಂಜಿನ್ ನೋಡಿಕೊಂಡವನು. ಹಿಂದಿನ ಸಣ್ಣ ಗುಂಯ್‌ಗುಟ್ಟುವಿಕೆ ಕಡಿದುಹೋದದ್ದೇ ಅವನ ಕೈ ಇಂಜಿನ್ ಆರಿಸುವ ಹಿಡಿಗೆ ಹೋಯಿತು. ಮರುಕ್ಷಣ ಹೆಲಿಕಾಪ್ಟರಿನ ಮೈ, ತಲೆಯ ಮೇಲಿನ ದೊಡ್ಡ ರೆಕ್ಕೆಗೆ ಎದುರಾಗಿ ತಿರುಗತೊಡಗಿತು. ಬರ್ತಾಂಗ್ ಕಣಿವೆಯಿಂದ ಖೊರೋಗ್ ಪಟ್ಟಣದ ಆಸ್ಪತ್ರೆಗೆ ಹೊರಟ ಒಂಬತ್ತು ಮಂದಿ ಹಿಂದೆ ಕೂತಿದ್ದರು.

"ಅಣ್ಣ, ಇಂಜಿನ್ ಆರಿಸ್ಲಾ?"

ಪೈಲಟ್ ಶಿರಿನ್‌ಬೆಕ್ ಕೆಳಗೆ ನೋಡಿದ. ಮನೆಗಳ ಮಾಳಿಗೆ ತುಂಬ ಹೆಂಗಸರು, ಮಕ್ಕಳು ಜರ್ದಾಳು ಹಣ್ಣು ಒಣಹಾಕುತ್ತಿದ್ದರು.

"ತಡಿ. ಕೆಳಗೆ ಜನ ಇದಾರೆ. ಹೊಳೆ ದಾಟ್ಲಿ."

ಇಂಜಿನ್ ದೊಡ್ಡ ರೆಕ್ಕೆಯನ್ನು ತಿರುಗಿಸುವಷ್ಟು ಹೊತ್ತೂ ಮೈಗೆ ಉಲ್ಟಾ ತಳ್ಳು ಬೀಳುತ್ತಲೇ ಇರುತ್ತದೆ; ಅದನ್ನು ತಡೆಹಿಡಿಯುವುದು ಬಾಲದ ರೆಕ್ಕೆ. ಒಂದೊಂದು ಕ್ಷಣದ ತಳ್ಳೂ ಹಿಂದಿನದರ ಮೇಲೆ ಕೂಡಿಕೊಳ್ಳುತ್ತದೆ. ಆಮೇಲೆ ಇಂಜಿನ್ ಆರಿಸಿದರೆ ಹೊಸ ತಳ್ಳು ನಿಲ್ಲುತ್ತದೆಯೇ ಹೊರತು ಕೂಡಿದ್ದು ಕರಗುವುದಿಲ್ಲ. ಹೊಸಬರಿಗೆ ಇದನ್ನು ಹೇಳಿಕೊಟ್ಟವನೇ ಕದಮ್‌ಶೋ. ಆದರೂ ತಡೆದ. ಮೂರನೆಯ ಸುತ್ತಿಗೆ ಬೆಟ್ಟ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ.

"ಈಗ," ಅಂದ ಶಿರಿನ್‌ಬೆಕ್.

ಇಂಜಿನ್ ಆರಿತು. ಸುತ್ತು ಆರಲಿಲ್ಲ. ಹೊಳೆಯಾಚೆಯ ಕಲ್ಲುದಂಡೆಗೆ ಅಡ್ಡಡ್ಡ ಬಡಿದು ಹೆಲಿಕಾಪ್ಟರ್ ಉರುಳಿತು. ಶಿರಿನ್‌ಬೆಕ್ ಸತ್ತ. ಹಿಂದೆ ಕೂತವರಲ್ಲಿ ನಾಲ್ವರು ಸತ್ತರು.

ವಿಚಾರಣೆಗೆ ಬಂದವರು ಕೇಳಿದರು, "ಮೊದಲ ಸುತ್ತಿಗೇ ಆರಿಸಿದ್ರೆ?"

"ಹಿಂದಿದ್ದೋರು ಬಹುಶಃ ಉಳೀತಿದ್ರು. ಶಿರಿನ್‌ಬೆಕ್ ಅಣ್ಣ ತಡಿ ಅಂದ್ರು, ಯಾಕೆ ಅಂತಾನೂ ಅಂದ್ರು. ತಡೆದೆ."

ಪೈಲಟನ ತಪ್ಪು ಎಂದು ಬರೆದುಕೊಂಡು ಹೋದರು.

ಸತ್ತವರಿಗೆ ಮೂರನೆಯ ದಿನ ದೀಪ ಹಚ್ಚುವ ಶಾಸ್ತ್ರ ಮುಗಿದು ವಾರಕ್ಕೆ ಶಿರಿನ್‌ಬೆಕ್‌ನ ಹೆಂಡತಿ ಗುಲ್‌ಬೇಗಿಮ್ ಕದಮ್‌ಶೋನ ಮನೆಗೆ ಬಂದಳು. "ತಪ್ಪು ಅವರದ್ದು ಅಂತ ಬರೆಸಿದ್ಯಂತೆ."

"ನಡೆದದ್ದು ಹೇಳ್ದೆ, ಅತ್ತಿಗೆ."

"ಹಾಗಾದ್ರೆ ಆ ಮಾಳಿಗೆಗಳ ಊರಿಗೆ ಕರ್ಕೊಂಡು ಹೋಗು. ಅವರು ಉಳಿಸಿದೋರ ಮುಖ ನೋಡ್ಬೇಕು."

ಆ ಊರಿನ ಮುದುಕಿಯೊಬ್ಬಳು ಇಬ್ಬರನ್ನೂ ಕೂರಿಸಿ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು. ಯಾರು, ಏನು ಎಂದು ಕೇಳಲಿಲ್ಲ. ಅವಳಿಗೆ ಅವಳದೇ ಸಂಕಟ. "ಆ ಹಾಳಾದ್ದು ಎಬ್ಬಿಸಿದ ಧೂಳಿಗೆ ವರ್ಷದ ಹಣ್ಣೆಲ್ಲ ಮಣ್ಣಾಯ್ತು ಕಣಮ್ಮ. ಕುಡಿದಿದ್ನೋ ಏನೋ, ಓಡಿಸೋನು."

ಕದಮ್‌ಶೋ ಬಾಯಿ ತೆರೆದ. ಗುಲ್‌ಬೇಗಿಮ್ ಅವನ ತೋಳು ಹಿಡಿದಳು.

"ಆವತ್ತು ಮಾಳಿಗೆ ಮೇಲೆ ಎಷ್ಟು ಜನ ಇದ್ರಿ, ಅಜ್ಜಿ?"

"ಊರಿಗೂರೇ ಇತ್ತು. ಕೂಸುಗಳೂ ಅಲ್ಲೇ."

ಗುಲ್‌ಬೇಗಿಮ್ ಚಹಾ ಪೂರ್ತಿ ಕುಡಿದು ಎದ್ದಳು. ದಾರಿಯಲ್ಲಿ ಕದಮ್‌ಶೋ ತಡೆಯಲಾರದೆ ಕೇಳಿದ, "ಹೇಳಬಾರದಿತ್ತಾ, ಅತ್ತಿಗೆ?"

"ಹೇಳಿ? ಅವಳ ನಿದ್ದೆನೂ ಕೆಡಿಸೋದಾ?" ಸ್ವಲ್ಪ ದೂರ ನಡೆದು ಅಂದಳು, "ಹಿಂದೆ ಕೂತು ಸತ್ತ ಆ ನಾಲ್ವರ ಮನೆಗೂ ಹೋಗ್ಬೇಕು. ಅವರನ್ನ ಯಾರೂ ಕೇಳ್ಲಿಲ್ಲ, ತಡೀಬಹುದಾ ಅಂತ."

ಮೊದಲನೆಯ ಮನೆ ಆಸ್ಪತ್ರೆಗೆ ಹೊರಟಿದ್ದ ಬಸುರಿಯದು. ಒಳಗೆ ಅವಳ ತಾಯಿ ಓಡಾಡುವುದು ಕೇಳಿಸುತ್ತಿತ್ತು. ಕದಮ್‌ಶೋ ಬಾಗಿಲಲ್ಲಿ ತನ್ನ ಹೆಸರು ಹೇಳಿದ ಮೇಲೆ ಓಡಾಟ ನಿಂತಿತು. ಸಂಜೆಯ ಬಿಸಿಲು ಬೆಟ್ಟದ ತುದಿಗೆ ಏರುವವರೆಗೂ ಇಬ್ಬರೂ ಹೊರಗೆ ನಿಂತೇ ಇದ್ದರು. ಬಾಗಿಲು ತೆರೆಯಲಿಲ್ಲ.