ಕೈಗೆ ಕೊಡಬೇಕಾದ ಕೋಲು

ರಿಲೇ ಓಟದಲ್ಲಿ ಕೋಲನ್ನು ಎಸೆಯಬಾರದು ಎಂಬ ನಿಯಮವನ್ನು ಕುಂದಾಪುರದ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಓದಿ ಹೇಳಿದ್ದು 1948ರ ಡಿಸೆಂಬರಿನಲ್ಲಿ, ಕೂಟದ ಕೊನೆಯ ದಿನ ಬೆಳಿಗ್ಗೆ. ಓದಿದವರು ಮಂಗಳೂರಿನಿಂದ ಬಂದ ರೆಫ್ರಿ. ವಾಲಿಬಾಲು, ಕಬಡ್ಡಿ, ಹಗ್ಗಜಗ್ಗಾಟ ಹಿಂದಿನ ಎರಡು ದಿನಗಳಲ್ಲಿ ಮುಗಿದಿದ್ದವು. ಓಟ, ಜಿಗಿತ, ಗುಂಡೆಸೆತ ಉಳಿದಿದ್ದವು. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಶಾಲೆಗಳ ಡ್ರಿಲ್ ಮಾಸ್ತರರು ತೆಂಗಿನ ಮಡಲಿನ ಚಪ್ಪರದಡಿ ನಿಂತು ಕೇಳುತ್ತಿದ್ದರು.

"ಕೋಲು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೇ ಹೋಗಬೇಕು. ಎಸೆದರೆ ತಂಡ ಹೊರಗೆ" ಎಂದರು ರೆಫ್ರಿ.

ಉಳಿದವರು ತಲೆಯಾಡಿಸಿದರು. ಬ್ರಹ್ಮಾವರ ಕಡೆಯ ಬಾಲಚಂದ್ರ ಮಾಸ್ತರರು ಮಾತ್ರ ಕೈ ಎತ್ತಿದರು. "ಹತ್ತಿರದಿಂದ ಎಸೆದರೆ?"

"ಎಷ್ಟು ಹತ್ತಿರದಿಂದ?"

"ಒಂದು ಗೇಣು."

"ಒಂದು ಗೇಣಿನಲ್ಲಿದ್ದರೆ ಕೈಗೇ ಕೊಡಬಹುದಲ್ಲ ಮಾಸ್ತರರೇ?"

"ಕೊಡಬಹುದಿತ್ತು" ಎಂದು ಬಾಲಚಂದ್ರ ಮಾಸ್ತರರು ಕೈ ಇಳಿಸಿದರು.

ಅವರ ತಂಡದ ಕೊನೆಯ ಓಟಗಾರ ಕರಿಯ. ಹರಿಜನ ಕೇರಿಯಿಂದ ಹೈಸ್ಕೂಲಿಗೆ ಬಂದ ಮೊದಲಿಗ. ಶಾಲೆಯಲ್ಲಿ ಅವನಷ್ಟು ವೇಗವಾಗಿ ಓಡುವವನು ಇನ್ನೊಬ್ಬನಿರಲಿಲ್ಲ. ಆದರೆ ನೂರು ಗಜದ ಓಟಕ್ಕೆ ಒಂದು ಶಾಲೆಯಿಂದ ಒಬ್ಬನಿಗೇ ಅವಕಾಶ. ಅದು ಶೇಖರನಿಗೆ ಹೋಯಿತು. ಶಾಲೆಯ ಕಟ್ಟಡ ನಿಂತಿದ್ದ ಜಾಗ ಶೇಖರನ ತಂದೆ ಬಿಟ್ಟುಕೊಟ್ಟದ್ದು. ರಿಲೇಗೆ ನಾಲ್ಕು ಜನ ಬೇಕು, ನಾಲ್ಕನೆಯವನು ಸಿಗಲಿಲ್ಲ. ಹಾಗಾಗಿ ಕರಿಯನ ಹೆಸರು ಸೇರಿತು. ಇಲ್ಲಿ ಗೆದ್ದ ತಂಡ ಮಾತ್ರ ಮಂಗಳೂರಿನ ಜಿಲ್ಲಾ ಕೂಟಕ್ಕೆ ಹೋಗುತ್ತಿತ್ತು. ಮಾರ್ಚಿನಲ್ಲಿ ಕರಿಯನ ಶಾಲೆ ಮುಗಿಯುತ್ತಿತ್ತು. ಅವನು ಮಂಗಳೂರಿನಲ್ಲಿ ಓಡುವುದಿದ್ದರೆ ಈ ರಿಲೇ ಗೆದ್ದೇ ಓಡಬೇಕಿತ್ತು.

ಕರಿಯನ ಕೈಯಿಂದ ಯಾರೂ ಕೋಲು ತೆಗೆದುಕೊಳ್ಳುವುದಿಲ್ಲವೆಂದು ಮಾಸ್ತರರು ಅವನನ್ನು ಕೊನೆಗೆ ಹಾಕಿದ್ದರು. ಕೊನೆಯವನು ಪಡೆದರೆ ಸಾಕು, ಕೊಡಬೇಕಾಗಿಲ್ಲ. ಅವನಿಗೆ ಕೊಡಬೇಕಾದವನು ವೈಕುಂಠ, ಸಾಲಿಗ್ರಾಮದ ಕಡೆ ದೇವಸ್ಥಾನದ ಚಾಕರಿ ಮಾಡುವ ಮನೆಯ ಹುಡುಗ. ಬ್ರಹ್ಮಾವರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಕರಿಯನಿಗೆ ಊರಿನಲ್ಲಿ ಯಾರು ಏನು ಕೊಟ್ಟರೂ ಮೇಲಿನಿಂದ ಬಿಡುತ್ತಿದ್ದರು, ಅವನು ಅಂಗೈ ಒಡ್ಡಿ ಹಿಡಿಯುತ್ತಿದ್ದ. ಓಡುವಾಗ ಹಾಗೆ ಬಿಟ್ಟರೆ ಕೋಲು ನೆಲಕ್ಕೆ ಬೀಳುತ್ತದೆ. ಆದ್ದರಿಂದ ವೈಕುಂಠ ಎಸೆಯಲು ಕಲಿತ. ಕರಿಯ ಅಡ್ಡ ತಿರುಗಿ ಓಡುತ್ತ, ಗಾಳಿಯಲ್ಲಿ ಬರುವ ಕೋಲನ್ನು ಎರಡೂ ಕೈಗಳಿಂದ ಹಿಡಿಯಲು ಕಲಿತ. ಹಿಂದಿನ ಕೂಟಗಳಲ್ಲಿ ಯಾರೂ ಆಕ್ಷೇಪಿಸಿರಲಿಲ್ಲ. ಉಡುಪಿಯಲ್ಲಿ ಒಮ್ಮೆ ಜನ ಚಪ್ಪಾಳೆಯನ್ನೂ ತಟ್ಟಿದ್ದರು.

ಬಾಲಚಂದ್ರ ಮಾಸ್ತರರು ಸಮಾಜ ಸುಧಾರಣೆಗೆ ಹೊರಟವರಲ್ಲ. ಆದರೆ ಎಸೆತದಲ್ಲಿ ಹಾಳಾಗುವ ಪ್ರತಿ ಕ್ಷಣವೂ ಅವರ ಹೊಟ್ಟೆ ಉರಿಸುತ್ತಿತ್ತು. ಈಗ ನಿಯಮವೇ ಎಸೆಯಬೇಡ ಎಂದಿತ್ತು. ಅವರು ನೇರವಾಗಿ ವೈಕುಂಠನ ಬಳಿಗೆ ಹೋದರು.

"ಇವತ್ತ್ ಎಸುಕಾಗ. ಕೈಗೇ ಕೊಡ್ಕ್."

ವೈಕುಂಠ ಚಪ್ಪರದ ಕಡೆ ನೋಡಿದ. "ಅಪ್ಪಯ್ಯ ಬಂದಿರ್ ಮಾಷ್ಟ್ರೆ."

"ಬರ್ಲಿ. ನೀನ್ ಕೊಡ್ತ್ಯಾ ಇಲ್ಯಾ?"

"ನನ್ನತ್ರ ಎಂತ ಕೇಂತ್ರಿ? ಅವ್ರತ್ರ ಕೇಣಿ."

ವೈಕುಂಠನ ತಂದೆ ಮಂಜಯ್ಯನವರು ಮುಂದಿನ ಬೆಂಚಿನಲ್ಲಿ, ಕೊಡೆಯನ್ನು ಮೊಣಕಾಲಿನ ನಡುವೆ ಊರಿಕೊಂಡು ಕುಳಿತಿದ್ದರು. ಮಗನ ಓಟ ನೋಡಲು ಬಂದದ್ದು ಇದೇ ಮೊದಲು. ಮಾಸ್ತರರು ವಿಷಯ ಹೇಳಿದರು. ಮಂಜಯ್ಯನವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಬೇಗ ಮುಗಿಯುತ್ತಿತ್ತು.

"ಇಷ್ಟ್ ದಿನ ಎಸ್ದದ್ದೇ ಅಲ್ದಾ ಮಾಷ್ಟ್ರೆ?"

"ಎಸ್ದ್ರೆ ಹೊರ್ಗ್ ಹಾಕ್ತ್ರ್ ಅಂಬ್ರ್."

"ಯಾರ್ ಮಾಡಿದ್ ನಿಯಮ ಅದ್?"

"ಇಂಗ್ಲೆಂಡಿನವ್ರ್ ಇರ್ಕ್."

"ಅವ್ರ್ ಬಿಟ್ಟ್ ಹೋಯ್ರಲೆ?"

"ನಿಯಮ ಇಲ್ಲೇ ಬಿಟ್ಟ್ ಹೋಯ್ರ್."

ಮಂಜಯ್ಯನವರು ಕೊಡೆಯ ಹಿಡಿಯನ್ನು ತಿರುಗಿಸಿದರು. "ಕೋಲ್ ಒಂಚೂರ್ ಉದ್ದ ಮಾಡಿ ಕಾಂಬ. ಒಂದ್ ಮೂರ್ ಮೊಳ?"

"ಒಂದಡಿ. ಹೆಚ್ಚ್ ಇಪ್ಪುಕಾಗ."

"ಕೋಲಿಗೆ ಮೈಲಿಗೆ ಎಂತ ಇಲ್ಲೆ ಕಾಣಿ. ಒಣ ಮರ. ಕೈಗೆ ಕೈ ತಾಗ್ತಲೆ, ಅದೇ."

"ಓಡುವತ್ತಿಗೆ ತಾಗುದಿಲ್ಲೆ ಅಂದ್ ನಾನ್ ಹೇಳ್ರೆ ಸುಳ್ಳ್ ಆತ್ತ್."

ಮೈದಾನದಲ್ಲಿ ಯಾರೋ ಸುಣ್ಣದ ಗೆರೆ ತುಳಿದರೆಂದು ಜಗಳ ನಡೆದಿತ್ತು. ಮಂಜಯ್ಯನವರು ಅದನ್ನು ನೋಡುತ್ತ ಕೇಳಿದರು: "ಕೈಗೆ ಕೊಟ್ರೆ ಗೆಲ್ತ್ರಾ?"

"ಗೆಲ್ತ್ರ್."

"ಗೆದ್ರೆ ವೈಕುಂಠ ಮಂಗ್ಳೂರಿಗೆ ಹೋತ್ನಾ?"

"ಹೋತ."

"ಹಾಂಗಾರೆ ಒಂದ್ ಸಲ ಕೊಡ್ಲಿ. ಹ್ವಾಯ್, ಒಂದೇ ಸಲ ಮತ್ತೆ. ಸಂಜಿಗೆ ಹೊಳೆಲಿ ಮೀಂದೇ ಅತ್ತೆ ಮನೆ ಒಳ್ಗ್ ಹೊಯ್ಕ್."

ಅರ್ಧ ಗಂಟೆಯ ವಾದದಲ್ಲಿ, ಸಂಜೆಯ ಸ್ನಾನದ ಷರತ್ತಿನ ಮೇಲೆ, ಇಷ್ಟು ಸಿಕ್ಕಿದ್ದಕ್ಕೆ ಮಾಸ್ತರರು ಕೈಮುಗಿದು, ಕರಿಯನನ್ನು ಹುಡುಕಿಕೊಂಡು ಹೋದರು. ಅವನು ಮೈದಾನದ ಅಂಚಿನಲ್ಲಿ ಉಳಿದವರ ಅಂಗಿಗಳನ್ನು ಕಾಯುತ್ತ ಕುಳಿತಿದ್ದ.

"ಇವತ್ತ್ ವೈಕುಂಠ ಕೈಗೇ ಕೊಡ್ತ. ಎದ್ರಿಗ್ ಮುಖ ಮಾಡಿ ಓಡ್, ಬಲಗೈ ಹಿಂದ್ ಚಾಚ್, ಹಿಡಿ. ತಿಳಿತಾ?"

"ಅವ್ರ್ ಅಪ್ಪಯ್ಯ ಅಲ್ಲೇ ಕೂಕಂಡಿರಲೆ ಮಾಷ್ಟ್ರೆ?"

"ಅವ್ರೇ ಒಪ್ಪಿರ್."

ಕರಿಯ ಎದ್ದು ನಿಂತ. "ಹಾಂಗಾರೆ ಒಂದ್ ಸಲ ಮಾಡಿ ಕಾಂಬ. ನಂಗ್ ಅಭ್ಯಾಸ ಇಲ್ಲೆ."

ಆ ದಿನ ಮೈದಾನದಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ. ಮಾಸ್ತರರು ವೈಕುಂಠನನ್ನು ಚಪ್ಪರದ ಹಿಂಬದಿಗೆ ಕರೆತಂದು ಕೋಲು ಕೊಟ್ಟರು. ವೈಕುಂಠ ಅದನ್ನು ಹಿಡಿದುಕೊಂಡು ಅಲ್ಲೇ ನಿಂತ.

"ಈಗ ಮುಟ್ರೆ ಈಗ್ಲೇ ಮೀಯ್ಕ್ ಮಾಷ್ಟ್ರೆ. ಮೀಯ್ದೆ ಉಂಬುಕಾಗ. ಊಟದ್ ಹೊತ್ತಾಯ್ತ್."

"ಉಂಡ್ ಬಾ. ಆಮೇಲ್ ಮಾಡುವ."

"ಆಮೇಲ್ ಒಂದ್ಸಲ, ಓಟಕ್ಕ್ ಒಂದ್ಸಲ. ಎರಡ್ ಆತ್ತಲೆ? ಅಪ್ಪಯ್ಯ ಒಂದೇ ಅಂದಿರ್."

ಮಾಸ್ತರರು ತಲೆಗೆ ಕೈಯಿಟ್ಟುಕೊಂಡರು. "ಮಾರಾಯಾ, ಒಂದ್ ಸಲ ಮುಟ್ರೂ ನೂರ್ ಸಲ ಮುಟ್ರೂ ಮೀವುದ್ ಒಂದೇ ಸಲ ಅಲ್ದಾ?"

"ಅದ್ ಅಪ್ಪಯ್ಯನತ್ರ ಕೇಣಿ."

ಮಾಸ್ತರರು ಮತ್ತೆ ಬೆಂಚಿನ ಬಳಿಗೆ ಬಂದರು. ಬೆಂಚು ಖಾಲಿ. ಮಂಜಯ್ಯನವರು ಪೇಟೆಯಲ್ಲಿದ್ದ ನೆಂಟರ ಮನೆಗೆ ಊಟಕ್ಕೆ ಹೋಗಿದ್ದರು. ನೆಂಟರ ಮನೆ ಯಾವುದೆಂದು ವೈಕುಂಠನಿಗೆ ಗೊತ್ತಿತ್ತು. ಆದರೆ ಅವನೂ ಊಟಕ್ಕೆ ಅಲ್ಲಿಗೇ ಹೋಗಿದ್ದ.

ಕರಿಯ ಕೋಲು ಹಿಡಿದುಕೊಂಡು ಒಬ್ಬನೇ ಚಪ್ಪರದ ಹಿಂದೆ ಸ್ವಲ್ಪ ಹೊತ್ತು ಓಡಿದ. ಬಲಗೈ ಹಿಂದಕ್ಕೆ ಚಾಚಿ, ಎಡಗೈಯಿಂದ ತಾನೇ ಕೋಲನ್ನು ಅದಕ್ಕೆ ದಾಟಿಸಿದ. ನೂರು ಗಜದಲ್ಲಿ ಆಗಲೇ ಸೋತು ಬಂದಿದ್ದ ಶೇಖರ ಅದನ್ನು ನೋಡಿ, "ನಿನ್ ಕೈಗೆ ನಿನ್ನ್ ಮುಟ್ಟುಕ್ ಅಡ್ಡಿಲ್ಯಾ ಮಾರಾಯಾ?" ಎಂದ. ಕರಿಯ ನಕ್ಕು ಕೋಲನ್ನು ಕೆಳಗಿಟ್ಟ. "ನೀವ್ ಕೊಡ್ತ್ರ್ಯಾ ಒಂದ್ ಸಲ?" ಎಂದು ಕೇಳಿದ. ಶೇಖರ ಸೋಡ ಕುಡಿಯಲು ಹೋದ.

ರಿಲೇ ಶುರುವಾಗುವ ಹೊತ್ತಿಗೆ ಮಂಜಯ್ಯನವರು ಎಲೆ ಅಡಿಕೆ ಜಗಿಯುತ್ತ ಬೆಂಚಿಗೆ ಮರಳಿದರು. ರೆಫ್ರಿ ಸೀಟಿ ಊದಿದರು. ಶೇಖರ ಬೈಂದೂರಿನವನ ಹಿಂದೆಯೇ ಓಡಿ, ಎರಡನೆಯವನಾದ ಪಾಂಡುವಿಗೆ ಕೋಲು ಕೊಟ್ಟ. ಪಾಂಡು ತಿರುವಿನಲ್ಲಿ ಅಂತರ ಕಡಿಮೆ ಮಾಡಿ ವೈಕುಂಠನಿಗೆ ಕೊಟ್ಟ. ವೈಕುಂಠ ತಾನು ಅದುವರೆಗೆ ಓಡದ ಹಾಗೆ ಓಡಿದ. ಕೋಲು ದಾಟಿಸುವ ಕೊನೆಯ ಗೆರೆಯ ಬಳಿ ಬರುವಾಗ ಬ್ರಹ್ಮಾವರದವರು ಬೈಂದೂರಿನವರಿಗಿಂತ ನಾಲ್ಕು ಹೆಜ್ಜೆ ಮುಂದಿದ್ದರು. ಮಾಸ್ತರರು ಗೆರೆಯ ಪಕ್ಕದಲ್ಲೇ ಓಡುತ್ತ, "ಕೈಗೆ! ಕೈಗೆ!" ಎಂದು ಕೂಗುತ್ತಿದ್ದರು.

ಮಾಸ್ತರರು ಹೇಳಿದ ಹಾಗೆಯೇ ಕರಿಯ ಎದುರು ಮುಖವಾಗಿ ಹೊರಟ. ಬಲಗೈ ಹಿಂದೆ ಚಾಚಿದ. ವೈಕುಂಠ ಕೋಲು ನೀಡಿದ. ಬೆರಳಿಗೆ ಬೆರಳು ಇನ್ನೇನು ಸೇರಬೇಕು, ಕರಿಯನ ಕೈ ಸರಕ್ಕನೆ ಮುಂದಕ್ಕೆ ಸರಿಯಿತು. ವೈಕುಂಠ ಇನ್ನೂ ಮುಂದೆ ಬಾಗಿದ. ಕರಿಯ ಓಡುತ್ತಿದ್ದವನು ಪಕ್ಕಕ್ಕೆ ಸರಿದು, ಅಡ್ಡ ತಿರುಗಿ, ಎರಡೂ ಅಂಗೈ ಒಡ್ಡಿ, ಗಾಳಿಯತ್ತ ನೋಡಿದ. ಕೋಲು ಇಬ್ಬರ ನಡುವೆ ನೆಲಕ್ಕೆ ಬಿತ್ತು.

ಬೈಂದೂರಿನವನು ದಾಟಿ ಹೋದ. ಅವನ ಹಿಂದೆ ಕುಂದಾಪುರದವನೂ ಹೋದ. ವೈಕುಂಠ ಕೋಲು ಹೆಕ್ಕಿ ಅದರ ತುದಿಯನ್ನು ಕರಿಯನ ಎದೆಗೆ ಒತ್ತಿದ. ಆಮೇಲೆ ಕರಿಯ ಓಡಿದ ಓಟವನ್ನು ನೋಡಿದವರು ಬಹಳ ದಿನ ಮಾತಾಡಿಕೊಂಡರು. ಕುಂದಾಪುರದವನನ್ನು ತಿರುವಿನಲ್ಲೇ ಹಿಂದೆ ಹಾಕಿದ. ಗುರಿಯ ಹಗ್ಗದ ಹತ್ತಿರ ಬೈಂದೂರಿನವನ ಸಮಕ್ಕೆ ಬಂದ, ದಾಟಲಿಲ್ಲ. ಹಗ್ಗ ಬೈಂದೂರಿನವನ ಎದೆಗೆ ಸಿಕ್ಕಿತು. ಬ್ರಹ್ಮಾವರ ಎರಡನೆಯ ಸ್ಥಾನ. ಎರಡನೆಯವರಿಗೆ ಮಂಗಳೂರಿಲ್ಲ.

"ಎಂತಕ್ ಕೈ ತೆಗ್ದೆ?" ಎಂದು ಮಾಸ್ತರರು ಓಡಿ ಬಂದರು. "ಹೇಳಿದ್ದಿಲ್ಯಾ ನಾನ್? ಕೈ ಚಾಚ್, ಹಿಡಿ. ಇಷ್ಟೇ ಅಲ್ದಾ ಹೇಳಿದ್ದ್?"

ಕರಿಯ ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದ. "ನಾನ್ ತೆಗದ್ದಲ್ಲ ಮಾಷ್ಟ್ರೆ. ಅದೇ ಹೋಯ್ತ್."

"ಅದೇ ಹೋಪುಕೆ ಅದೆಂತ ಬೇರೆಯವ್ರ್ ಕೈಯಾ?"

"ನಾನೇ ಮುಟ್ಟುಕ್ ಬಂದ್ರೆ ನಿಂಗ್ ಎಂತ ಮಾರಾಯಾ?" ಎಂದು ವೈಕುಂಠ ಕೂಗಿದ. ಅವನ ಕಣ್ಣಲ್ಲಿ ನೀರಿತ್ತು. "ಅಪ್ಪಯ್ಯನೇ ಒಪ್ಪಿರ್, ನಿಂದೆಂತ?"

"ನಿಮ್ಗೆ ಅವ್ರ್ ಒಪ್ಪಿರ್ ಅಯ್ಯಾ" ಎಂದ ಕರಿಯ. "ನಂಗೆ ಹುಟ್ಟಿದಲ್ಲಿಂದ ಬೈದದ್ದೇ ಅಲ್ದಾ, ಹತ್ರ ಬಂದ್ರೆ ದೂರ ಸರಿ, ದೂರ ಸರಿ ಅಂದ್ಹೇಳಿ. ಒಂದ್ ಸಲ ಮಾಡಿ ಕಾಂಬ ಅಂದೆ. ನಿಮ್ಗೆ ಊಟದ್ ಹೊತ್ತಾಯ್ತ್."



ಇದ್ದಿಲಿನಿಂದ ಓಡುವ ಸಂಜೆಯ ಬಸ್ಸು ಹೊಗೆ ಬಿಡುತ್ತ ದಕ್ಷಿಣಕ್ಕೆ ಹೊರಟಿತು. ಮುಂದಿನ ಸೀಟಿನಲ್ಲಿ ಮಂಜಯ್ಯನವರು, ಪಕ್ಕದಲ್ಲಿ ವೈಕುಂಠ. ಅವರ ಹಿಂದೆ ಮಾಸ್ತರರು. ಕರಿಯ ಹಿಂಬದಿಯ ಬಾಗಿಲ ಬಳಿ ನಿಂತಿದ್ದ. ಬಸ್ಸು ಕೋಟೇಶ್ವರ ದಾಟಿತು. ಆಮೇಲೆ ಮಂಜಯ್ಯನವರು ಮಗನ ಕಿವಿಯ ಬಳಿ ಬಾಗಿ ಕೇಳಿದರು: "ತಾಗಿತಾ?"

"ಎಂತ?"

"ಕೈಗೆ ಕೈ ತಾಗಿತಾ?"

"ಗೊತ್ತಿಲ್ಲೆ."

"ಗೊತ್ತಿಲ್ಲೆ ಅಂದ್ರೆ ಹ್ಯಾಂಗೆ? ತಾಗಿದ್ರೆ ತಾಗಿತ್ತ್, ಇಲ್ದಿದ್ರೆ ಇಲ್ಲೆ."

"ಓಡುವತ್ತಿಗೆ ಅದನ್ನೆಲ್ಲ ಯಾರ್ ಕಾಂತ್ರ್ ಅಪ್ಪಯ್ಯ?"

ಹಿಂದೆ ಕುಳಿತಿದ್ದ ಮಾಸ್ತರರು ಕಣ್ಣು ಮುಚ್ಚಿಕೊಂಡರು. ತಾಗಲಿಲ್ಲ ಎಂದು ಅವರಿಗೆ ಖಚಿತವಾಗಿ ಗೊತ್ತಿತ್ತು. ತಾಗಿದ್ದರೆ ಗೆಲ್ಲುತ್ತಿದ್ದರು. ಆದರೆ ಆ ದಿನ ಇನ್ನೊಂದು ಮಾತು ಸೇರಿಸುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

"ಗೊತ್ತಿಲ್ದಿದ್ರೆ ಮೀಯ್ಕ್" ಎಂದು ಮಂಜಯ್ಯನವರು ತೀರ್ಮಾನ ಕೊಟ್ಟು, ಸಾಲಿಗ್ರಾಮದಲ್ಲಿ ಕೊಡೆ ಹಿಡಿದು ಇಳಿದು ಹೋದರು.

ಮಾಬುಕಳದಲ್ಲಿ ಹೊಳೆಗೆ ಸೇತುವೆ ಇರಲಿಲ್ಲ. ಬಸ್ಸು ಈಚೆ ದಡದಲ್ಲಿ ನಿಲ್ಲುತ್ತಿತ್ತು. ಜನ ದೋಣಿಯಲ್ಲಿ ದಾಟಿ ಆಚೆಯ ಬಸ್ಸು ಹಿಡಿಯಬೇಕು. ದೋಣಿಯ ತಿಮ್ಮ ಆಚೆ ದಡದಿಂದ ಹುಟ್ಟು ಹಾಕುತ್ತ ಬರುತ್ತಿದ್ದ. ಬಿಸಿಲು ನೀರಿನ ಮೇಲೆ ಇನ್ನೂ ಇತ್ತು. ಶೇಖರ ಮತ್ತು ಪಾಂಡು ದಡದ ಕಲ್ಲಿನ ಮೇಲೆ ಕುಳಿತರು.

ವೈಕುಂಠ ಅಂಗಿ ಬಿಚ್ಚಿ ನೀರಿನ ಕಡೆ ನಡೆದ. ಅರ್ಧ ದಾರಿಯಲ್ಲಿ ನಿಂತ. ತಿರುಗಿ ಬಂದು ಮಾಸ್ತರರ ಚೀಲದಿಂದ ಕೋಲನ್ನು ಎಳೆದುಕೊಂಡ.

"ಹ್ಯಾಂಗೂ ಮೀಯ್ಕ್" ಎಂದ. "ಒಂದ್ ಸಲ ಮುಟ್ರೂ ನೂರ್ ಸಲ ಮುಟ್ರೂ ಮೀವುದ್ ಒಂದೇ ಸಲ. ಬಾ ಕರಿಯಾ."

ಮಾಸ್ತರರು ಅವನನ್ನು ದಿಟ್ಟಿಸಿ ನೋಡಿದರು. ಇದೇ ಮಾತನ್ನು ಮಧ್ಯಾಹ್ನ ತಾವು ಹೇಳಿದಾಗ ಅದು ಇವನ ತಲೆಗೆ ಹೋಗಿದ್ದರೆ ಎಂದು ಬೈಯಬೇಕೆನಿಸಿತು. ಚೀಲದ ಬಾಯಿ ಕಟ್ಟಿದರು.

ಕರಿಯ ದಡದ ಮರಳಿನ ಮೇಲೆ ಮುಂದೆ ಹೋಗಿ ನಿಂತ. ಕೈ ಹಿಂದೆ ಚಾಚಿದ. ವೈಕುಂಠ ಓಡಿ ಬಂದ. ಕೈ ಸರಿಯಿತು, ಕೋಲು ಬಿತ್ತು. "ಬಿತ್ತ್!" ಎಂದು ಶೇಖರ ಕಲ್ಲಿನ ಮೇಲಿಂದ ಕೂಗಿದ. ಇನ್ನೊಂದು ಸಲವೂ ಬಿತ್ತು. ಮಾಸ್ತರರು ಪಂಚೆ ಎತ್ತಿ ಕಟ್ಟಿ ನಡುವೆ ಬಂದು, ಕರಿಯನ ಮಣಿಕಟ್ಟನ್ನು ತಮ್ಮ ಕೈಯಲ್ಲೇ ಹಿಡಿದು ನಿಲ್ಲಿಸಿದರು. "ಈಗ ಕೊಡ್" ಎಂದರು. ಕೈ ಸರಿಯಲು ನೋಡಿತು, ಆದರೆ ಹಿಡಿತ ಬಿಗಿಯಾಗಿದ್ದುದರಿಂದ ಎಲ್ಲಿಗೂ ಹೋಗಲಿಲ್ಲ. ಕೋಲು ಅಂಗೈಯಲ್ಲಿ ಕೂತಿತು. ವೈಕುಂಠನ ಬೆರಳುಗಳೂ ಅಲ್ಲೇ ಇದ್ದವು.

"ಹಾಂ. ಈಗ ನಾನ್ ಬಿಡ್ತೆ. ಮತ್ತೊಂದ್ ಸಲ, ಓಡಿ."

ತಿಮ್ಮನ ದೋಣಿ ದಡಕ್ಕೆ ತಾಗಿತು. ಉಳಿದವರು ಹತ್ತಿದರು. ಓಟ ಆಗಲೇ ಸೋತದ್ದು, ಮುಂದಿನ ವರ್ಷ ಈ ಇಬ್ಬರೂ ಶಾಲೆಯಲ್ಲಿರುವುದಿಲ್ಲ, ಈ ಅಭ್ಯಾಸದಿಂದ ಬ್ರಹ್ಮಾವರಕ್ಕೆ ಮೂರು ಕಾಸಿನ ಉಪಯೋಗವಿಲ್ಲ. ಇದೆಲ್ಲ ಮಾಸ್ತರರಿಗೆ ಗೊತ್ತಿತ್ತು.

"ಹ್ವಾಯ್ ಮಾಷ್ಟ್ರೆ!" ತಿಮ್ಮ ಹುಟ್ಟನ್ನು ದೋಣಿಯ ಅಂಚಿಗೆ ಬಡಿದ. "ನೀರ್ ಇಳಿತಾ ಇತ್ತ್. ಬತ್ರ್ಯಾ ಇಲ್ಯಾ? ಎಂತ ಆಟ ಇದ್?"

"ತಡಿ ಮಾರಾಯಾ" ಎಂದರು ಮಾಸ್ತರರು, ಹಿಂದೆ ತಿರುಗದೆ. "ಬೆಳಿಗ್ಗಿಂದ ಎಲ್ರಿಗೂ ನಾನ್ ಕಾದಿದೆ. ಈಗ ಒಂಚೂರ್ ನೀನ್ ಕಾಯ್. ವೈಕುಂಠ, ಹಿಂದ್ ಹೋಗ್. ಕರಿಯ, ಕೈ!"