ಕಂಚಿನಕ್ಕನ ಎಡಗಿವಿ

ಒಂದು ಗಾದೆಯಿಂದ ಶುರುಮಾಡುವ ಆಸೆಯಿತ್ತು. ಆದರೆ ನನ್ನ ಬಾಯಿಗೆ ಬಿದ್ದ ಯಾವ ಗಾದೆಯೂ ಕೈಕಾಲು ಉಳಿಸಿಕೊಂಡು ಹೊರಗೆ ಬಂದದ್ದಿಲ್ಲ, ಬಿಡಿ. ಇದು ನಡೆದ ಕತೆ. ಬಿ.ಎ. ಪಾಸಾದವನ ಆಣೆಗೆ ಎಷ್ಟು ಬೆಲೆಯೋ ಅಷ್ಟು ಬೆಲೆಯ ಆಣೆ ಇಟ್ಟು ಹೇಳುತ್ತೇನೆ.

ಸಿನಿಮಾದವರು ವರ್ಷಕ್ಕೊಮ್ಮೆ ಎದೆಗವಚಿಕೊಂಡು ಅಳುವ ಆ ಕಂಚಿನ ಹೆಂಗಸು ಹುಟ್ಟುವುದು ನಮ್ಮ ಎರಕದ ಕಾರ್ಖಾನೆಯಲ್ಲಿ. ಮೊಳದುದ್ದದ ಮೈ, ಬಲಗೈಯಲ್ಲಿ ದೀಪ, ಎಡಭುಜದ ಮೇಲೆ ಇಳಿಬಿದ್ದ ಕೂದಲು. ಪ್ರಶಸ್ತಿಗೆ ಉದ್ದನೆಯ ಹೆಸರೊಂದಿದೆ. ನಮಗೆ ಅವಳು ಕಂಚಿನಕ್ಕ. ಆ ಕೂದಲನ್ನು ನೋಡಿ ಒಂದು ಕಾಲದಲ್ಲಿ ಊರಿನ ಅರ್ಧ ಹುಡುಗಿಯರು ಎಡಗಡೆಗೇ ಬಾಚಿಕೊಂಡರಂತೆ. ಶಿಲ್ಪಿಯ ಅಪೂರ್ವ ಕಲ್ಪನೆ ಎಂದು ಪತ್ರಿಕೆಗಳು ಬರೆದವು. ನಿಜ ಗೊತ್ತಿರುವುದು ಅರ ಹಾಕಿ ಎರಕದ ಒರಟು ಉಜ್ಜುವ ನಮ್ಮ ಬೆಂಚಿನವರಿಗೆ ಮಾತ್ರ. ಅರವತ್ತು ವರ್ಷದ ಹಿಂದೆ, ಮೊದಲ ಸಮಾರಂಭಕ್ಕೆ ನಾಲ್ಕು ದಿನ ಇದೆ ಎನ್ನುವಾಗ, ಮೇಣದ ಮೂಲ ಬೊಂಬೆ ಯಾರದೋ ಕೈಜಾರಿ ಬಿತ್ತು. ಎಡಗಿವಿ ಹೋಯಿತು. ಶಿಲ್ಪಿ ಊರಲ್ಲಿಲ್ಲ. ಆಗಿನ ಮೇಸ್ತ್ರಿ ಒಂದು ಮುದ್ದೆ ಮೇಣ ಒತ್ತಿ, ಬಾಚಣಿಗೆಯಿಂದ ನಾಲ್ಕು ಗೀರು ಎಳೆದು, "ಕೂದಲು" ಎಂದು ಕೈ ಒರೆಸಿಕೊಂಡ. ಅದೇ ಅಚ್ಚು ಇವತ್ತಿಗೂ. ಗುಟ್ಟು ಬೆಂಚಿನಿಂದ ಬೆಂಚಿಗೆ ದಾಟುತ್ತ ಬಂದಿದೆ, ಗೇಟು ದಾಟಿಲ್ಲ. ಪಕ್ಕದ ಮೇಜಿಗೂ ದಾಟಿಲ್ಲ.

ಪಕ್ಕದ ಮೇಜು ಚಿಕ್ಕಮ್ಮನದು. ಅವಳು ಹಿತ್ತಾಳೆ ತಗಡಿನ ಮೇಲೆ ಹೆಸರು ಕೆತ್ತುವವಳು. ವೇದಿಕೆಯ ಮೇಲೆ ಲಕೋಟೆ ಒಡೆಯುವ ತನಕ ಗೆದ್ದವರು ಯಾರೆಂದು ಯಾರಿಗೂ ತಿಳಿಯದಲ್ಲ, ಹಾಗಾಗಿ ನಾಮನಿರ್ದೇಶನಗೊಂಡ ಐವರಿಗೂ ತಗಡು ತಯಾರಿರಬೇಕು. ಗೆದ್ದವರದು ಕಂಚಿನಕ್ಕನ ಪಾದಕ್ಕೆ. ಮಿಕ್ಕ ನಾಲ್ಕು ವಾಪಸು ನಮ್ಮ ಕುಲುಮೆಗೆ. ಸಾಕ್ಷಿಯ ಎದುರು ಕರಗಿಸಬೇಕೆಂಬುದು ಕರಾರು. ನಾಮನಿರ್ದೇಶನದಲ್ಲಿ ಹೆಚ್ಚಿನವರಿಗೆ ಸಿಗುವುದು ಮೊದಲ ಎರಡಕ್ಷರ ಮಾತ್ರ.

ಚಿಕ್ಕಮ್ಮನ ಗಂಡ, ನನ್ನ ಚಿಕ್ಕಪ್ಪ, ಸಿನಿಮಾಗಳಿಗೆ ಶಬ್ದ ಹೊಂದಿಸುವವನು. ಏಳು ಸಲ ನಾಮನಿರ್ದೇಶನ. ಏಳು ಸಲವೂ ಹೆಂಡತಿಯೇ ಅವನ ಹೆಸರು ಕೆತ್ತಿದಳು, ಏಳು ಸಲವೂ ಅವಳೇ ಇಕ್ಕಳದಲ್ಲಿ ಹಿಡಿದು ಕುಲುಮೆಗೆ ಬಿಟ್ಟಳು. ಒಂದನ್ನಾದರೂ ಊಟದ ಡಬ್ಬಿಯಲ್ಲಿಟ್ಟು ಮನೆಗೆ ತರಬಹುದಿತ್ತು. ತರಲಿಲ್ಲ, ಅವನೂ ಕೇಳಲಿಲ್ಲ. ಗೆಲ್ಲದೆ ಕಂಚಿನಕ್ಕನನ್ನು ಮುಟ್ಟುವುದಿಲ್ಲ ಎಂದು ಅವನ ಹಟ. ಸಂಜೆ ಹೆಂಡತಿಯನ್ನು ಕರೆದೊಯ್ಯಲು ಬಂದರೂ ಗೇಟಿನಾಚೆಯೇ ನಿಲ್ಲುತ್ತಿದ್ದ.

ನನಗೂ ಅವನಿಗೂ ಮೂವತ್ತು ವರ್ಷದ ಪಂದ್ಯವಿತ್ತು. ಕಂಡವರ ದನಿ ಕದಿಯುವುದು ನನಗೆ ಹುಟ್ಟುಚಾಳಿ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಎರಡು ದಿನ ರಜೆ ಘೋಷಿಸಿ ಮೂರು ದಿನ ಹೊರಗೆ ಕೂತವನು ನಾನು. ಊರಿಗೆಲ್ಲ ಟೋಪಿ ಹಾಕಿದರೂ ಚಿಕ್ಕಪ್ಪನಿಗೆ ಮಾತ್ರ ಆಗಿರಲಿಲ್ಲ. ವಿಮೆಯವನಾಗಿ, ಡಾಕ್ಟರಾಗಿ, ದೂರದ ಅತ್ತೆಯಾಗಿ ಫೋನು ಮಾಡಿದ್ದೇನೆ. ಮೂರನೇ ಮಾತಿಗೆ ಆ ಕಡೆಯಿಂದ, "ಏ ಗಿಳಿ, ಉಸಿರು ತಗೊಂಡು ಮಾತಾಡೋ" ಎಂದು ನಗು.

ಈ ವರ್ಷ ಐದೈದು ಹೆಸರುಗಳ ಮುಚ್ಚಿದ ಪಟ್ಟಿ ಚಿಕ್ಕಮ್ಮನ ಕೈಗೆ ಬಂದ ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಕಾರ್ಖಾನೆಯ ಫೋನಿನಿಂದ ಚಿಕ್ಕಪ್ಪನ ಮನೆಗೆ ಹಚ್ಚಿದೆ. ಪ್ರಶಸ್ತಿ ಸಮಿತಿಯ ಕಾರ್ಯದರ್ಶಿಗೆ ಮೂಗಿನಲ್ಲಿ ಮಾತು, ಮಾತಿಗೊಮ್ಮೆ ಕೆಮ್ಮು. ಎರಡನ್ನೂ ಹದವಾಗಿ ಬೆರೆಸಿದೆ.

"ನಮಸ್ಕಾರ. ಕೆಹ್ಹೆಂ. ನಿಮಗೆ ಮಾತ್ರ ಮುಂಚಿತವಾಗಿ ಹೇಳ್ತಾ ಇದೀನಿ. ಶಬ್ದ ವಿಭಾಗದಲ್ಲಿ ತಮ್ಮ ಹೆಸರಿದೆ. ಎಂಟನೇ ಸಲ!"

ಮೂರು ಮಾತಾಯಿತು, ಹತ್ತಾಯಿತು. ಗಿಳಿಯ ಸುದ್ದಿಯೇ ಇಲ್ಲ.

"ತುಂಬಾ ಉಪಕಾರ ಸರ್," ಎಂದಿತು ಆ ಕಡೆಯ ದನಿ. ತುಸು ನಡುಗುತ್ತಿತ್ತು. "ನಾನು... ಆಯ್ತು ಸರ್." ಫೋನು ಇಟ್ಟ.

ನಾನು ಬೆಂಚು ಗುದ್ದಿದೆ. "ಚಿಕ್ಕಮ್ಮ, ಗೆದ್ದೆ! ಮೂವತ್ತು ವರ್ಷ!"

ಚಿಕ್ಕಮ್ಮ ಉಳಿ ಕೆಳಗಿಟ್ಟಳು. "ಹಿಡೀಲಿಲ್ವಾ ಅವರು?"

"ಇಲ್ಲ!"

"ಒಂದು ಮಾತಿಗೂ?"

ಅವಳ ಮುಖ ನೋಡಿ ಬೆಂಚಿನ ಮೇಲಿಂದ ಕೈ ತೆಗೆದೆ. ಗೆದ್ದದ್ದು ನಾನಲ್ಲ. ಆ ಕಡೆ ಏನೋ ಸೋತಿತ್ತು.

"ಎರಡು ವರ್ಷದಿಂದ ನೋಡ್ತಾ ಇದೀನಿ," ಎಂದಳು. "ಎಡಗಡೆಯಿಂದ ಕರೆದ್ರೆ ತಿರುಗಲ್ಲ. ಯಾರಾದ್ರೂ ಆ ಕಡೆ ಕೂತ್ರೆ ಎದ್ದುಹೋಗಿ ನಾನೇ ಕೂರ್ತೀನಿ, ಅವರ ಪರವಾಗಿ ಉತ್ತರ ಕೊಡ್ತೀನಿ. ಈಗ ಕೈಯಲ್ಲೊಂದು ಸಿನಿಮಾ ಇದೆ. ನಾಳೆ ಇವರು ಸರಿ ಅಂದ್ರೆ ಆಚೆ ಹೋಗುತ್ತೆ. ಇವರ ಕಿವಿ ನಂಬಿಕೊಂಡು ಒಬ್ಬ ನಿರ್ದೇಶಕ ಕೂತಿದಾನೆ. ಹೆಂಗೆ ಹೇಳ್ಲಿ ಅಂತ ನಾನು ಒದ್ದಾಡ್ತಿದ್ರೆ, ನೀನು..." ಎದ್ದು ಚಪ್ಪಲಿ ಮೆಟ್ಟಿದಳು. "ನಡಿ. ನೀನು ಮಾಡಿದ್ದು, ನೀನೇ ಹೇಳು."

ನಾವು ಹೋದಾಗ ಚಿಕ್ಕಪ್ಪ ಮುಂದಿನ ಕೋಣೆಯಲ್ಲಿ ಕಪ್ಪು ಕೋಟನ್ನು ಹರವಿಕೊಂಡು ಗುಂಡಿ ಬಿಗಿಮಾಡುತ್ತಿದ್ದ. ಏಳು ಸಮಾರಂಭ ಕಂಡ ಕೋಟು. ಸೂಜಿಗೆ ದಾರ ಪೋಣಿಸುತ್ತ, ನಮ್ಮನ್ನು ನೋಡಿ, ಗುಟ್ಟು ಬಚ್ಚಿಡಲಾಗದವನ ಹಾಗೆ ನಕ್ಕ.

"ಚಿಕ್ಕಪ್ಪ, ಫೋನು ಮಾಡಿದ್ದು ನಾನು. ಪಟ್ಟೀಲಿ ಹೆಸರಿಲ್ಲ," ಎಂದೆ.

"ಏನಂದೆ?" ಬಲಗಿವಿಯನ್ನು ನನ್ನ ಕಡೆ ತಿರುಗಿಸಿದ.

ಎರಡನೇ ಸಲ ಜೋರಾಗಿ ಹೇಳಬೇಕಾಯಿತು. ತಪ್ಪೊಪ್ಪಿಗೆಯನ್ನು ಕೂಗಿ ಹೇಳುವಂಥ ಶಿಕ್ಷೆ ಇನ್ನೊಂದಿಲ್ಲ.

ಅವನು ಸೂಜಿಯನ್ನು ಕೋಟಿಗೇ ಚುಚ್ಚಿಟ್ಟ. ಗೋಡೆ ಗಡಿಯಾರ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅದು ಅವನಿಗೆ ಕೇಳುತ್ತಿದೆಯೋ ಇಲ್ಲವೋ ಎಂದು ಮೊದಲ ಬಾರಿಗೆ ಯೋಚಿಸಿದೆ.

"ಹೆಸರಿಲ್ಲ ಅಂದ್ರೆ ಇರ್ಲಿ, ಅದು ಅಭ್ಯಾಸ ಆಗಿದೆ," ಎಂದ ಕೊನೆಗೆ. "ಆದ್ರೆ ನಿನ್ನ ದನಿ ನಂಗೆ ಗೊತ್ತಾಗ್ಲಿಲ್ವಲ್ಲೋ."

ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತ. "ಇನ್ನೊಂದು ಸಲ ಮಾಡು. ಮೊದಲು ಬಲಗಡೆ."

ಬಲಗಿವಿಯ ಹತ್ತಿರ ಪಿಸುದನಿಯಲ್ಲಿ ಕಾರ್ಯದರ್ಶಿಯಾದೆ. "ಗಿಳಿ," ಎಂದ ಎರಡನೇ ಮಾತಿಗೇ. ಅದೇ ಪಿಸುದನಿಯಲ್ಲಿ ಎಡಗಡೆಗೆ ಹೋದೆ. ಕಾರ್ಯದರ್ಶಿಯಾದೆ, ಡಾಕ್ಟರಾದೆ, ಅತ್ತೆಯಾದೆ. ಗೋಡೆ ನೋಡುತ್ತ ಕೂತೇ ಇದ್ದ. ಕೊನೆಗೆ ನನ್ನದೇ ದನಿಯಲ್ಲಿ, "ಚಿಕ್ಕಪ್ಪ, ತಪ್ಪಾಯ್ತು" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅವನು ಕೇಳಿದ: "ಯಾಕೋ, ಇನ್ನೂ ಶುರು ಮಾಡಿಲ್ವಾ?"

ಚಿಕ್ಕಮ್ಮ ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟಳು.

ಫೋನನ್ನು ಯಾವಾಗಲೂ ಎಡಗಿವಿಗೇ ಹಿಡಿಯುವುದು ಅವನ ರೂಢಿ. ಕಿವಿಗೊತ್ತಿದ ಫೋನಿನ ಜೋರಿಗೆ ಮಾತು ಹೇಗೋ ಮುಟ್ಟುತ್ತಿತ್ತು, ದನಿ ಯಾರದೆಂಬುದು ಮುಟ್ಟುತ್ತಿರಲಿಲ್ಲ. ಬಲಗೈಯಲ್ಲಿ ಬರೆದುಕೊಳ್ಳಲು ಪೆನ್ಸಿಲು. ಆ ಮಧ್ಯಾಹ್ನ ಪೆನ್ಸಿಲು ಕೆಳಗಿಟ್ಟು, ಬಲಗಿವಿಗೆ ಹಿಡಿದು, ನಿರ್ದೇಶಕನಿಗೆ ತಾನೇ ಫೋನು ಹಚ್ಚಿದ.

"ನೋಡಪ್ಪ, ನಾಳೆ ನಾನು ಸರಿ ಅನ್ನಲ್ಲ. ನನ್ನ ಎಡಗಿವಿ ಹೋಗಿದೆ. ಸಿನಿಮಾದ ಎಡಗಡೆ ಏನಾಗಿದೆಯೋ ನಂಗೆ ಗೊತ್ತಿಲ್ಲ. ಇನ್ನೊಬ್ಬರಿಗೆ ಪೂರ್ತಿ ಕೇಳಿಸು... ಇಲ್ಲ, ಮೊದಲೇ ಅನುಮಾನ ಇತ್ತು. ಒಪ್ಪಿಕೊಳ್ಳೋಕೆ ಧೈರ್ಯ ಇರ್ಲಿಲ್ಲ. ಅದು ನನ್ನ ತಪ್ಪು."

ನಲವತ್ತು ವರ್ಷದ ಕೆಲಸ ನಾಲ್ಕು ಮಾತಿಗೆ ಮುಗಿಯಿತು. ಚಿಕ್ಕಮ್ಮ ಬಂದು ಅವನ ಎಡಗಡೆ ಕೂತಳು. ಕೋಟನ್ನು ಮಡಚಿ ಒಳಗಿಟ್ಟವನು ನಾನು.

ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಜೊತೆ ಅವನೂ ಗೇಟು ದಾಟಿ ಬಂದ. ಅರಗಳೆಲ್ಲ ಒಮ್ಮೆಲೇ ನಿಂತವು. ನೆಟ್ಟಗೆ ನನ್ನ ಬೆಂಚಿಗೆ ಬಂದು, "ಇನ್ನು ಗೆಲ್ಲೋದೇನೂ ಉಳಿದಿಲ್ಲ. ಕೊಡಿಲ್ಲಿ ಅವಳನ್ನ," ಎಂದ.

ಇನ್ನೂ ಹೊಳಪು ಕಾಣದ, ಒರಟು ಮೈಯ ಕಂಚಿನಕ್ಕನನ್ನು ಎರಡೂ ಕೈಯಲ್ಲಿ ಎತ್ತಿದ. ತೂಕ ನೋಡಿದ. ಆಮೇಲೆ, ಶಬ್ದದವನಲ್ಲವೇ, ಬಲಗಿವಿಯ ಹತ್ತಿರ ತಂದು ಉಗುರಿನಿಂದ ಬಡಿದ. ದೀಪ ಟಿಣ್ ಎಂದಿತು. ಭುಜ, ಟಿಣ್. ಎಡಗಡೆಯ ಕೂದಲು, ದಬ್.

ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಬಡಿದ. ದಬ್.

"ಇಲ್ಲೇನೋ ಮುಚ್ಚಿದೀರಿ," ಎಂದ. "ಇದು ಕೂದಲಿನ ಶಬ್ದ ಅಲ್ಲ. ಏನಿತ್ತೋ ಇಲ್ಲಿ?"

ಅರವತ್ತು ವರ್ಷದಲ್ಲಿ ಯಾರೂ ಹಿಡಿದಿರಲಿಲ್ಲ. ಮಂತ್ರಿಗಳು ಹಿಡಿದಿರಲಿಲ್ಲ, ಅವಳನ್ನು ಅಪ್ಪಿಕೊಂಡು ಅತ್ತ ನಾಯಕ ನಾಯಕಿಯರು ಹಿಡಿದಿರಲಿಲ್ಲ. ಬೆಂಚಿನವರ ಮುಖ ನೋಡಿದೆ. ಹಿರಿಯ ಅರದವನು ಹೇಳು ಎಂಬಂತೆ ತಲೆಯಾಡಿಸಿದ. ಬಲಗಡೆಗೆ ಬಂದು ನಿಂತು, ಬಿದ್ದ ಬೊಂಬೆ, ಮುರಿದ ಕಿವಿ, ಮೇಸ್ತ್ರಿಯ ಬಾಚಣಿಗೆ, ಎಲ್ಲವನ್ನೂ ಹೇಳಿದೆ.

"ಅಂದ್ರೆ ಇವಳಿಗೆ ಎಡಗಿವಿ ಇಲ್ವಾ?"

"ಹುಟ್ಟಿದಾಗಿನಿಂದ ಇಲ್ಲ ಚಿಕ್ಕಪ್ಪ."

ಅವಳನ್ನು ತನ್ನ ಮುಖದ ಎದುರಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ.

"ಲೇ ಇವಳೇ," ಎಂದು ಹೆಂಡತಿಯನ್ನು ಕರೆದ, "ಏಳು ಸಲ ಇವಳು ನನ್ನ ಕಡೆ ತಿರುಗಿ ನೋಡ್ಲಿಲ್ಲ ಅಂತ ಕೊರಗಿದೆನಲ್ಲೇ! ಪಾಪ, ಅವಳದ್ದೇನು ತಪ್ಪು? ಏಳು ಸಲವೂ ನಾನು ನಿಂತು ಕೂಗಿದ್ದು ಅವಳ ಎಡಗಡೆ!"

ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಹಿರಿಯ ಅರದವನು ಮುಸಿಮುಸಿ ನಕ್ಕ, ನಾನು ಅಳುವಷ್ಟು ನಕ್ಕೆ. ಆದರೆ ತಗಡಿನ ಚಾವಣಿಯೆಲ್ಲ ಗುಂಯ್‌ಗುಡುವಂತೆ, ಕುಲುಮೆಯವರೂ ಬಂದು ಇಣುಕುವಂತೆ, ಎಲ್ಲರಿಗಿಂತ ಜೋರಾಗಿ ನಕ್ಕವನು ಕಂಚಿನಕ್ಕನನ್ನು ಎದೆಗವಚಿಕೊಂಡು ನಿಂತಿದ್ದ ಚಿಕ್ಕಪ್ಪ.